ಚೆನ್ನಮ್ಮ ದಾಟಿಸಿದ ಚೆಂಡು

ಅಮೆರಿಕದ ಫುಟ್‌ಬಾಲಿನಲ್ಲಿ 'ಲ್ಯಾಟರಲ್' ಅಂತ ಒಂದು ವರಸೆ ಇದೆ. ಇನ್ನೇನು ಕೆಡವುತ್ತಾರೆ ಅನ್ನುವಾಗ ಚೆಂಡನ್ನು ಪಕ್ಕದವನಿಗೋ ಹಿಂದಿನವನಿಗೋ ದಾಟಿಸಿಬಿಡುವುದು. 1982ರಲ್ಲಿ ಕ್ಯಾಲಿಫೋರ್ನಿಯಾ ತಂಡ ಕೊನೇ ಗಳಿಗೆಯಲ್ಲಿ ಹೀಗೆ ಐದು ಸಲ ದಾಟಿಸಿ ಸ್ಟ್ಯಾನ್‌ಫರ್ಡನ್ನು ಸೋಲಿಸಿತು. ಅದನ್ನು ಓದಿದಾಗ ನನಗೆ ನೆನಪಾದವಳು ನಮ್ಮ ಸಾಗರ ಸೀಮೆಯ ಕೆಳದಿ ಚೆನ್ನಮ್ಮ!

1689. ಸಂಭಾಜಿಯನ್ನು ಕೊಲ್ಲಿಸಿದ ಔರಂಗಜೇಬನಿಗೆ ಅವನ ತಮ್ಮ ರಾಜಾರಾಮನೂ ಬೇಕಿತ್ತು. ಪನ್ಹಾಳದಿಂದ ವೇಷ ಮರೆಸಿಕೊಂಡು ಬಂದವನಿಗೆ ಚೆನ್ನಮ್ಮ ಆಶ್ರಯ ಕೊಟ್ಟಳು. ತನ್ನ ರಾಜಧಾನಿ ಬಿದನೂರಿನ (ಈಗಿನ ಹೊಸನಗರ ತಾಲ್ಲೂಕಿನ ನಗರ) ಸೀಮೆಯಿಂದ ಜಿಂಜಿಯತ್ತ ದಾಟಿಸಿದಳು. ಬೆನ್ನಿಗೇ ಮೊಘಲ್ ಸೇನೆ ಬಂತು. ಸೇನೆ ಸೋತಿತು ಅನ್ನುತ್ತಾರೆ ನಮ್ಮವರು; ರಾಣಿ ದಂಡ ತೆತ್ತಳು ಅನ್ನುತ್ತದೆ ಇನ್ನೊಂದು ಪಾಠ. ಹೇಗೇ ಇರಲಿ, ರಾಜಾರಾಮ ಜಿಂಜಿ ಸೇರಿದ.

ಆಟದಲ್ಲಿ ಚೆಂಡು ದಾಟಿಸಿದವನು ಪಾರು. ಚೆನ್ನಮ್ಮ ಮಾತ್ರ ದಾಟಿಸಿದ ಮೇಲೂ ಏಟಿಗೆ ಎದೆಯೊಡ್ಡಿ ನಿಂತಳು...