ಗಿರ್‌ಗಾಂವಿನ ಪ್ರಾರ್ಥನೆ, ಸಾಂತಾಕ್ರೂಜಿನ ಭವನ

ಮುಂಬಯಿಯಲ್ಲಿ 'ಪ್ರಾರ್ಥನಾ ಸಮಾಜ' ಎಂದರೆ ಹೆಚ್ಚಿನವರಿಗೆ ಅದೊಂದು ಬಸ್ ಸ್ಟಾಪು. ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಗಿರ್‌ಗಾಂವ್ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಸಿಗುತ್ತದೆ. ಟ್ಯಾಕ್ಸಿಯವನಿಗೆ ಹೆಸರು ಹೇಳಿದರೆ ಸಾಕು, ಮರುಪ್ರಶ್ನೆ ಇಲ್ಲದೆ ಮೀಟರ್ ಹಾಕುತ್ತಾನೆ. ಆದರೆ ಆ ಹೆಸರಿನ ಮಂದಿರವೊಂದು ಅಲ್ಲಿದೆ, ಅದಕ್ಕೂ ನಮ್ಮ ಕನ್ನಡ ನಾಡಿಗೂ ಹಳೆಯ ನಂಟಿದೆ ಎಂಬುದು ಮುಂಬಯಿಯ ಕನ್ನಡಿಗರಿಗೇ ಅಷ್ಟಾಗಿ ತಿಳಿಯದು. ಊರಲ್ಲಿರುವ ಓದುಗರಿಗೆ ತಿಳಿಯದಿದ್ದರೆ ಆಶ್ಚರ್ಯವೇನೂ ಇಲ್ಲ.

ನಾನು ಹೊನ್ನಾವರ ಕಡೆಯವನು. ಬ್ಯಾಂಕಿನ ವರ್ಗಾವಣೆಯಿಂದಾಗಿ ಮುಂಬಯಿಗೆ ಬಂದೆ, ಸಾಂತಾಕ್ರೂಜ್ ಪೂರ್ವದಲ್ಲಿ ಮನೆ ಮಾಡಿದೆ, ನಿವೃತ್ತಿಯ ನಂತರವೂ ಇಲ್ಲೇ ಉಳಿದೆ. ನಮ್ಮೂರಿನಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರ್ಕರರ ಬಗ್ಗೆ ಹುಡುಕಾಡುತ್ತಾ ಹೋದಾಗ ಈ ಸಮಾಜದ ಕತೆ ಸಿಕ್ಕಿತು. ಆ ಕತೆ ಕೊನೆಗೆ ನನ್ನನ್ನು ಸಾಂತಾಕ್ರೂಜಿಗೇ ತಂದು ನಿಲ್ಲಿಸಿತು.

ಪ್ರಾರ್ಥನಾ ಸಮಾಜ ಹುಟ್ಟಿದ್ದು 1867ರಲ್ಲಿ. ಡಾ. ಆತ್ಮಾರಾಮ ಪಾಂಡುರಂಗರು ಮುಂದಾಳು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರರು ಬೇಗನೆ ಸೇರಿಕೊಂಡರು. ಗಿರ್‌ಗಾಂವಿನ ಮಂದಿರ ಎದ್ದದ್ದು 1874ರಲ್ಲಿ. ದೇವರು ಒಬ್ಬನೇ, ಮೂರ್ತಿ ಬೇಡ, ಮನುಷ್ಯರೆಲ್ಲ ಸಮಾನರು ಎಂಬುದು ತತ್ವ. ಭಾನುವಾರದ ಉಪಾಸನೆಯಲ್ಲಿ ತುಕಾರಾಮರ ಅಭಂಗ, ಪ್ರಾರ್ಥನೆ, ಉಪದೇಶ. ಬಂಗಾಳದ ಬ್ರಹ್ಮಸಮಾಜ ಇದರ ಅಣ್ಣ ಎನ್ನಬಹುದು.

ಇವರಿಗೆ ದೂರದ ಬಂಧುಗಳೂ ಇದ್ದರು. ಇಂಗ್ಲೆಂಡ್, ಅಮೆರಿಕಗಳ ಯುನಿಟೇರಿಯನ್ ಕ್ರೈಸ್ತರು. ತ್ರಿಮೂರ್ತಿ ತತ್ವವನ್ನು ಒಪ್ಪದೆ ದೇವರು ಒಬ್ಬನೇ ಎಂದವರು ಇವರು. ರಾಜಾ ರಾಮಮೋಹನ ರಾಯರು 1821ರಲ್ಲಿ ಕಲ್ಕತ್ತೆಯ ಯುನಿಟೇರಿಯನ್ ಸಮಿತಿಯಲ್ಲಿದ್ದರು. 1833ರಲ್ಲಿ ಬ್ರಿಸ್ಟಲಿನಲ್ಲಿ ತೀರಿಕೊಂಡಾಗ ಅವರ ಸುತ್ತ ಇದ್ದವರೂ ಯುನಿಟೇರಿಯನ್ ಸ್ನೇಹಿತರೇ. 1895-96ರಲ್ಲಿ ಅಮೆರಿಕದ ಜೆ. ಟಿ. ಸಂಡರ್‌ಲ್ಯಾಂಡ್ ಎಂಬ ಯುನಿಟೇರಿಯನ್ ಪಾದ್ರಿ ಭಾರತ ಸುತ್ತಿದರು. ಆಮೇಲೆ ಇಲ್ಲಿಯ ತರುಣರಿಗೆ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಓದಲು ವಿದ್ಯಾರ್ಥಿವೇತನದ ಏರ್ಪಾಡಾಯಿತು. ಕೊಡುವವರ ಧರ್ಮಕ್ಕೆ ಸೇರಬೇಕೆಂಬ ಕಟ್ಟುಪಾಡು ಅದರಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು.

ಆ ವೇತನ ಪಡೆದವರಲ್ಲಿ ಒಬ್ಬರು ನಮ್ಮ ಜಮಖಂಡಿಯವರು! ವಿಠ್ಠಲ ರಾಮಜಿ ಶಿಂದೆ ಹುಟ್ಟಿದ್ದು 1873ರ ಏಪ್ರಿಲ್ 23ರಂದು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮಾಡಿ, ಪ್ರಾರ್ಥನಾ ಸಮಾಜ ಸೇರಿ, 1901ರಲ್ಲಿ ಹಡಗು ಹತ್ತಿದರು. ಎರಡು ವರ್ಷ ಧರ್ಮಗಳ ತೌಲನಿಕ ಅಧ್ಯಯನ ಮಾಡಿದರು. ಅಲ್ಲಿಯ ಚರ್ಚುಗಳು ಭಾನುವಾರದ ಪ್ರಾರ್ಥನೆ ಮುಗಿಸಿ ಬಾಗಿಲು ಹಾಕುತ್ತಿರಲಿಲ್ಲ. ಬಡವರ ಕೇರಿಗೆ ಹೋಗುವುದು, ಮಕ್ಕಳಿಗೆ ಪಾಠ, ಕೂಲಿಯವರಿಗೆ ಸಂಜೆಯ ಕೂಟ, ಎಲ್ಲವೂ ಧರ್ಮದ ಕೆಲಸವೇ ಆಗಿತ್ತು. 1903ರಲ್ಲಿ ಮುಂಬಯಿಗೆ ಮರಳಿ ಸಮಾಜದ ಪ್ರಚಾರಕರಾದರು.

ಆಗ ಸಮಾಜದ ಅಧ್ಯಕ್ಷರು ಯಾರು? ನಮ್ಮ ಚಂದಾವರ್ಕರರು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮರುವರ್ಷ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದವರು. ಅದೇ 1901ರಲ್ಲಿ ರಾನಡೆ ತೀರಿಕೊಂಡರು, ಸಮಾಜದ ಭಾರ ಇವರ ಹೆಗಲಿಗೆ ಬಂತು. 1923ರಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚುವವರೆಗೂ ಅದನ್ನು ಹೊತ್ತರು. 1906ರ ಅಕ್ಟೋಬರ್ 18ರಂದು ಶಿಂದೆಯವರು ಪರೇಲಿನಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದು 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಆರಂಭಿಸಿದಾಗ ಅದಕ್ಕೂ ಚಂದಾವರ್ಕರರೇ ಅಧ್ಯಕ್ಷರು. ಶಿಂದೆಯವರ ತಂಗಿ ಜನಾಬಾಯಿ ಅಣ್ಣನ ಜೊತೆ ದುಡಿದರು. ಹೊನ್ನಾವರದ ಜಡ್ಜ್ ಸಾಹೇಬರು, ಜಮಖಂಡಿಯ ಬಡ ಪ್ರಚಾರಕ; ಪರದೇಶದಂತಿದ್ದ ಊರಿನಲ್ಲಿ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಆ ಭಾನುವಾರದ ಪ್ರಾರ್ಥನೆ.

ಸಮಾಜದವರು 1876ರಲ್ಲೇ ಕಾರ್ಮಿಕರಿಗೆ ರಾತ್ರಿ ಶಾಲೆ ತೆರೆದಿದ್ದರು. ಸಾಂತಾಕ್ರೂಜಿನ ಮುಂದಿನ ಸ್ಟೇಷನ್ ವಿಲೇಪಾರ್ಲೆಯಲ್ಲಿ ಡಿ. ಎನ್. ಶಿರೂರ್ ಹೋಮ್ ಎಂಬ ಅನಾಥಾಲಯವಿದೆ. ಅದೂ ಪ್ರಾರ್ಥನಾ ಸಮಾಜದ್ದೇ. ಹೀಗೆ ಬೆರಳೆಣಿಕೆಯ ಸದಸ್ಯರ ಸಂಸ್ಥೆ ಮಾಡಿದ ಕೆಲಸ ಮಾತ್ರ ದೊಡ್ಡದು.

ಹಾಗಾದರೆ ಜನ ಯಾಕೆ ಸೇರಲಿಲ್ಲ? ಜಾತಿ ಕೇಳದ ಬಾಗಿಲು ತೆರೆದಿದ್ದರೂ ಕರಾವಳಿಯಿಂದ ಬಂದ ಸಾವಿರಾರು ಮಂದಿ ಅದರ ಮುಂದೆ ಹಾದುಹೋದರೇ ವಿನಾ ಒಳಗೆ ಬರಲಿಲ್ಲ. ಇದಕ್ಕೆ ಉತ್ತರ ಬೇಕಾದರೆ ಮಂಗಳೂರಿಗೆ ಹೋಗಬೇಕು.

ಮಂಗಳೂರಿನಲ್ಲಿ ಬಿಲ್ಲವ ಮುಖಂಡ ಅರಸಪ್ಪನವರು ತಮ್ಮವರಿಗೆ ದೇವಸ್ಥಾನದೊಳಗೆ ಪ್ರವೇಶವಿಲ್ಲದ ಅವಮಾನಕ್ಕೆ ದಾರಿ ಹುಡುಕುತ್ತಾ ಬ್ರಹ್ಮಸಮಾಜದತ್ತ ಮುಖ ಮಾಡಿದರು. 1870ರಲ್ಲಿ ಪ್ರಚಾರಕರು ಬಂದರು. ಉಳ್ಳಾಲ ರಘುನಾಥಯ್ಯನವರಂಥ ಸಾರಸ್ವತ ವಿದ್ಯಾವಂತರಿಗೂ ಏಕದೇವೋಪಾಸನೆ ಹಿಡಿಸಿತು. ಆದರೆ ಬಿಲ್ಲವರ ಜೊತೆ ಸಾಲಾಗಿ ಕೂರುವ ಮಾತು ಬಂದಾಗ ಸಾರಸ್ವತರ ಉಪಾಸನಾ ಸಭೆ ಬೇರೆಯೇ ಆಯಿತು. ದೇವರು ಒಬ್ಬನೇ ಎನ್ನುವುದು ಸುಲಭ, ಪಂಕ್ತಿ ಒಂದೇ ಎನ್ನುವುದು ಕಷ್ಟ. ಮುಂದೆ ಅದೇ ಮಂಗಳೂರು ಬ್ರಹ್ಮಸಮಾಜದಿಂದ ಕುದ್ಮುಲ್ ರಂಗರಾಯರು ಬಂದರು, ದಲಿತ ಮಕ್ಕಳಿಗೆ ಶಾಲೆ ಕಟ್ಟಿದರು, ತಮ್ಮ ಜಾತಿಯವರ ಬಹಿಷ್ಕಾರ ಉಂಡರು ಎನ್ನುವುದೂ ನಿಜ. ಆದರೆ ಬಿಲ್ಲವರು ಕಾಯುತ್ತಾ ಕೂರಲಿಲ್ಲ. ನಾರಾಯಣ ಗುರುಗಳನ್ನು ಕರೆಸಿ 1912ರಲ್ಲಿ ಕುದ್ರೋಳಿಯಲ್ಲಿ ತಮ್ಮದೇ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿಕೊಂಡರು.

ಈಗ ಸಾಂತಾಕ್ರೂಜಿಗೆ ಬನ್ನಿ. ನಮ್ಮ ಪೂರ್ವ ಭಾಗದಲ್ಲಿ ಬಿಲ್ಲವ ಭವನವಿದೆ. 1932ರಲ್ಲಿ ಹುಟ್ಟಿದ ಮುಂಬಯಿಯ ಬಿಲ್ಲವರ ಅಸೋಸಿಯೇಶನ್ನಿನದು. ಕುದ್ರೋಳಿಯ ದೀಪದಿಂದ ಹಚ್ಚಿದ ಇನ್ನೊಂದು ದೀಪ ಎಂದರೂ ಸರಿಯೇ. ಇಲ್ಲಿಯೂ ನಾರಾಯಣ ಗುರುಗಳೇ ಆರಾಧ್ಯರು. ಇದೇ ಸಂಘದವರ ಪ್ರಯತ್ನದಿಂದ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಬಂತು. ಹೋಟೆಲಿನಲ್ಲಿ ಲೋಟ ತೊಳೆದವರ ಮಕ್ಕಳು ಬ್ಯಾಂಕ್ ನಡೆಸಿದರು ಎಂದರೆ ಅದರ ಬೆಲೆ ಬ್ಯಾಂಕಿನವನಾದ ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಬಿಲ್ಲವರಷ್ಟೇ ಅಲ್ಲ. ಮೊಗವೀರರ ಮಂಡಳಿ 1902ರಷ್ಟು ಹಳೆಯದು. ಬಂಟರಿಗೆ, ದೇವಾಡಿಗರಿಗೆ, ಸಾರಸ್ವತರಿಗೆ ಅವರವರ ಸಂಘಗಳಿವೆ. ಇವುಗಳ ವರ್ಷದ ಕಾರ್ಯಕ್ರಮ ನೋಡಿ: ಜೂನ್ ತಿಂಗಳಲ್ಲಿ ಮಕ್ಕಳಿಗೆ ನೋಟ್‌ಬುಕ್ ವಿತರಣೆ, ವಿದ್ಯಾರ್ಥಿವೇತನ, ರಕ್ತದಾನ, ಕಣ್ಣಿನ ತಪಾಸಣೆ, ಮಹಿಳಾ ವಿಭಾಗದ ಅರಸಿನ ಕುಂಕುಮ, ಭಾನುವಾರ ಭಜನೆ. ಹಿಂದೆ ಕ್ಯಾಂಟೀನ್ ಹುಡುಗರಿಗೆ ಕನ್ನಡ ರಾತ್ರಿ ಶಾಲೆ. ಗಿರ್‌ಗಾಂವಿನವರು, ಪರೇಲಿನವರು ನೂರು ವರ್ಷ ಹಿಂದೆ ಹಾಕಿಕೊಂಡ ಪಟ್ಟಿಯೂ ಹೆಚ್ಚು ಕಡಿಮೆ ಇದೇ. ಕೆಲಸ ಉಳಿಯಿತು, ಬಾಗಿಲಿನ ಮೇಲಿನ ಹೆಸರು ಮಾತ್ರ ಬೇರೆ.

ಇದನ್ನು ಜರೆಯಲು ನಾನು ಬರೆಯುತ್ತಿಲ್ಲ. ಹದಿನಾಲ್ಕರ ಹುಡುಗ ಟ್ರಂಕು ಹಿಡಿದು ಮುಂಬಯಿಗೆ ಬಂದಾಗ ಅವನಿಗೆ ಬೇಕಾದದ್ದು ತತ್ವವಲ್ಲ. ಮಲಗಲು ಜಾಗ, ಒಂದು ಕೆಲಸ, ಜ್ವರ ಬಂದರೆ ಗಂಜಿ. ಅದನ್ನು ಕೊಟ್ಟವರು ಊರಿನವರು, ಜಾತಿಯವರು. ಪ್ರಾರ್ಥನಾ ಸಮಾಜದ ಭಾಷೆ ಮರಾಠಿ, ಅಲ್ಲಿಯವರು ಓದಿದವರು, ಸ್ವಂತ ಮನೆಯುಳ್ಳವರು. ಸಾಲದ್ದಕ್ಕೆ ಅವರೂ ಸದಸ್ಯರಿಗೆ ಜಾತಿ ಬಿಡಲೇಬೇಕೆಂದು ಕಟ್ಟಪ್ಪಣೆ ಮಾಡಲಿಲ್ಲ. ನಿಧಾನವೇ ಪ್ರಧಾನ ಎಂದರು.

ಆದರೂ ಆ ಬಾಗಿಲಿನ ಬೆಲೆ ನಮ್ಮ ಮನೆಗೆ ತಿಳಿದದ್ದು 2012ರಲ್ಲಿ, ಮಗಳ ಮದುವೆಯ ಹೊತ್ತಿಗೆ. ಹುಡುಗ ಬೇರೆ ಜಾತಿಯವನು, ಬೇರೆ ಭಾಷೆಯವನು. ನಾನೂ ನನ್ನ ಹೆಂಡತಿಯೂ ಸಂತೋಷದಿಂದಲೇ ಒಪ್ಪಿದೆವು. ಹಾಲ್ ವಿಚಾರಿಸಲು ಹೋದ ಒಂದು ಕಡೆ, "ಹುಡುಗ ಯಾವ ಪೈಕಿ?" ಎಂದು ಕೇಳಿ, ಕಮಿಟಿಯವರನ್ನು ಕೇಳಿ ತಿಳಿಸುತ್ತೇವೆ ಎಂದರು. ತಿಳಿಸಲೇ ಇಲ್ಲ. ವಿಶೇಷ ವಿವಾಹ ಕಾಯ್ದೆಯಂತೆ 30 ದಿನದ ನೋಟಿಸು ಹಾಕಿ ರಿಜಿಸ್ಟರ್ ಮಾಡಿಸಿ, ನಮ್ಮ ಸೊಸೈಟಿಯ ಟೆರೇಸಿನಲ್ಲಿ ಶಾಮಿಯಾನ ಹಾಕಿಸಿ ಊಟ ಬಡಿಸಿದೆವು. ಆ ಕಾಯ್ದೆ ಬಂದದ್ದು 1954ರಲ್ಲಿ. ಅದಕ್ಕೆ ಮೂಲ 1872ರ ಕಾಯ್ದೆ, ಅದನ್ನು ಕೇಳಿ ಪಡೆದವರು ಬ್ರಹ್ಮಸಮಾಜದವರು. ಅಂದಿನ ಕಾಯ್ದೆಯಲ್ಲಿ ವಧೂವರರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ಬರೆದುಕೊಡಬೇಕಿತ್ತು. ನನ್ನ ಮಗಳು ಅದನ್ನು ಬರೆದುಕೊಡಬೇಕಾಗಲಿಲ್ಲ. ಕಂಡರಿಯದ ಆ ಹಿರಿಯರ ಋಣ ಹೀಗೆ ನಮ್ಮ ಮನೆಯ ಖಾತೆಗೂ ಬಿದ್ದಿದೆ.

ಬ್ರಹ್ಮಸಮಾಜದವರಿಗೆ ಜನವರಿಯಲ್ಲಿ ಮಾಘೋತ್ಸವ, ಪ್ರಾರ್ಥನಾ ಸಮಾಜಕ್ಕೆ ಮಾರ್ಚ್ ಕೊನೆಗೆ ಹುಟ್ಟುಹಬ್ಬದ ದಿನ. ನಮ್ಮ ಸಂಘಗಳ ಕ್ಯಾಲೆಂಡರಿನಲ್ಲೂ ಒಂದು ದಿನ ಖಾಲಿ ಮಾಡಬಹುದಲ್ಲವೇ ಎಂದು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಏಪ್ರಿಲ್ 23 ಶಿಂದೆಯವರ ಜನ್ಮದಿನ. ಅದರ ಹತ್ತಿರದ ಭಾನುವಾರ ಎಲ್ಲ ಸಂಘಗಳವರೂ ಒಂದೇ ಭವನದಲ್ಲಿ ಸೇರಲಿ. ಯಾರ ಭವನವಾದರೂ ಸರಿ. ಅಂದು ಜಾತಿ ನೋಡದೆ ವಿದ್ಯಾರ್ಥಿವೇತನ ಕೊಡೋಣ, ಒಂದೇ ಪಂಕ್ತಿಯಲ್ಲಿ ಉಣ್ಣೋಣ. ಇಬ್ಬರು ಪದಾಧಿಕಾರಿಗಳು "ನೋಡುವಾ ಮಾರಾಯ್ರೇ" ಎಂದಿದ್ದಾರೆ. ಒಬ್ಬರು ಅಡುಗೆಗೆ ಎಷ್ಟು ಜನರಾಗಬಹುದು ಎಂದು ಕೇಳಿದ್ದಾರೆ. ಆ ಮೂರನೆಯವರ ಪ್ರಶ್ನೆ ನನಗೆ ಬಹಳ ಹಿಡಿಸಿತು.