ಬಿಳಿಕೋಲು ನಡೆದು ಬಂದ ದಾರಿ

ಕಲಿಕಾ ಲೈಸೆನ್ಸಿಗಾಗಿ ಆರ್.ಟಿ.ಓ. ಕಛೇರಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಬಿಳಿಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟುತ್ತಿದ್ದರೆ ಚಾಲಕನು ಏನು ಮಾಡಬೇಕು? ಹಾರನ್ ಬಾರಿಸಿ ಮುಂದೆ ಹೋಗುವುದಲ್ಲ, ವೇಗ ತಗ್ಗಿಸಿದರೆ ಸಾಲದು. ಆ ಕೋಲನ್ನೇ ವಾಹನ ನಿಲ್ಲಿಸುವ ಸಂಜ್ಞೆಯೆಂದು ತಿಳಿದು ನಿಲ್ಲಬೇಕು ಎಂಬುದೇ ಸರಿಯುತ್ತರ. ನಮ್ಮ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಆದರೆ ಒಂದು ಕೋಲಿಗೆ ಪೊಲೀಸಿನವನ ಕೈಯಷ್ಟು ಅಧಿಕಾರ ಬಂದದ್ದು ಹೇಗೆ? ಅದು ಸುಮಾರು ನೂರು ವರ್ಷಗಳ ಕಥೆ.

ಕಾಣದವರಿಗೆ ಕೋಲು ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಅದರ ಒಂದು ತುದಿ ಅವರ ಕೈಯಲ್ಲಿದ್ದರೆ ಇನ್ನೊಂದು ತುದಿ ಮುಂದೆ ನಡೆಯುವ ಹುಡುಗನ ಕೈಯಲ್ಲಿರುತ್ತಿತ್ತು. ಮೈಸೂರಿನಲ್ಲಿ 1901ರಲ್ಲೇ ಎಂ. ಶ್ರೀನಿವಾಸರಾಯರು ಅಂಧ ಹಾಗೂ ಕಿವುಡ ಮಕ್ಕಳಿಗಾಗಿ ಶಾಲೆ ತೆರೆದರು. ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದಿದ್ದರೂ ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತಲೇ ಸಂಗೀತ ಪಾಠಶಾಲೆ ನಡೆಸಿ, ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅಂಧರೇ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರ ಹೊತ್ತರು. ಅಂಥ ಸಂಚಾರದಲ್ಲಿ ಊರೇ ಕೈಹಿಡಿದು ನಡೆಸುತ್ತಿತ್ತು. ಹೆಸರು ಗೊತ್ತಿಲ್ಲದವರ ನಡುವೆ ಒಬ್ಬರೇ ಬೀದಿಗಿಳಿಯುವ ಮಾತು ಬೇರೆ.

ಆ ಸಂಕಟವನ್ನು ತೀವ್ರಗೊಳಿಸಿದ್ದು ಮೋಟಾರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ, 1921ರಲ್ಲಿ, ವಾಹನದವರಿಗೆ ಎದ್ದು ಕಾಣಲೆಂದು ತನ್ನ ಊರುಗೋಲಿಗೆ ಬಿಳಿ ಬಣ್ಣ ಬಳಿದುಕೊಂಡ. ಅಮೆರಿಕದ ಪಿಯೋರಿಯಾದಲ್ಲಿ ಲಯನ್ಸ್ ಕ್ಲಬ್ಬಿನ ಜಾರ್ಜ್ ಬೋನ್‌ಹ್ಯಾಮ್, ಕಪ್ಪು ಕೋಲು ಹಿಡಿದು ರಸ್ತೆ ದಾಟಲಾರದೆ ನಿಂತವನನ್ನು ಕಂಡು ಬಿಳಿಕೋಲಿನ ಪ್ರಚಾರಕ್ಕೆ ತೊಡಗಿದ. 1930ರ ಡಿಸೆಂಬರಿನಲ್ಲಿ ಆ ನಗರಸಭೆ ಇದಕ್ಕೆ ನಿಯಮವನ್ನೇ ಮಾಡಿತು. 1931ರಲ್ಲಿ ಪ್ಯಾರಿಸ್ಸಿನ ಗಿಯಿ ದೆರ್ಬ್‌ಮೋಂ ಎಂಬ ಮಹಿಳೆ, ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೂ ನಾಗರಿಕರಿಗೂ ಬಿಳಿಕೋಲು ಹಂಚಿದಳು.

ಅಲ್ಲಿಯವರೆಗೆ ಕೋಲು ನೋಡುವವರಿಗೆ ಮಾತ್ರ ಸುದ್ದಿ ಹೇಳುತ್ತಿತ್ತು. ಹಿಡಿದವನಿಗೂ ಸುದ್ದಿ ಹೇಳುವಂತೆ ಮಾಡಿದವನು ರಿಚರ್ಡ್ ಹೂವರ್. ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಯಲ್ಲಿ ಆತ ಹಗುರವಾದ, ಎದೆಯೆತ್ತರದ ಉದ್ದ ಕೋಲನ್ನು ಬಳಕೆಗೆ ತಂದ. ಬಲಗಾಲು ಮುಂದಿಟ್ಟಾಗ ತುದಿ ಎಡಕ್ಕೆ ತಾಗಬೇಕು, ಎಡಗಾಲಿಟ್ಟಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಇಂದಿಗೂ ಕಲಿಸುವ ಕ್ರಮಕ್ಕೆ ಇದೇ ತಳಹದಿ. 1964ರಲ್ಲಿ ಅಮೆರಿಕ ಅಕ್ಟೋಬರ್ 15ನ್ನು ಬಿಳಿಕೋಲಿನ ದಿನವೆಂದು ಸಾರಿತು; 1969ರಲ್ಲಿ ನೆರೆಯ ಕೊಲಂಬೋದಲ್ಲಿ ಸೇರಿದ ಅಂಧರ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಜಗತ್ತಿನ ದಿನವನ್ನಾಗಿ ಮಾಡಿತು. ಮೊಣಕಾಲಿನಿಂದ ಮೇಲಿರುವ ಅಡೆತಡೆಗಳು ಸಾದಾ ಕೋಲಿಗೆ ಸಿಗುವುದಿಲ್ಲ. ಕಿವಿಗೆ ಕೇಳದ ಶಬ್ದತರಂಗಗಳಿಂದ ಅವನ್ನು ಪತ್ತೆ ಮಾಡಿ, ಹಿಡಿಕೆಯ ಕಂಪನದಿಂದ ಎಚ್ಚರಿಸುವ ‘ಸ್ಮಾರ್ಟ್‌ಕೇನ್’ ದಿಲ್ಲಿಯ ಐ.ಐ.ಟಿ.ಯ ಪ್ರಯತ್ನದಿಂದ 2014ರಲ್ಲಿ ಹೊರಬಂತು.

ನೆಲವೂ ಮಾತನಾಡಲು ಕಲಿತಿದೆ. ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಉಬ್ಬುಹಾಸುಗಳನ್ನು 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಬಳಿ ಮೊದಲು ಜೋಡಿಸಲಾಯಿತು. ಉದ್ದ ಗೆರೆಯಿದ್ದರೆ ‘ನಡೆ’, ಚುಕ್ಕೆಗಳಿದ್ದರೆ ‘ಎಚ್ಚರ’. ನಮ್ಮ ವಿಮಾನ ನಗರಕ್ಕೆ ಹತ್ತಿರದ ರಾಮವಾಡಿ ಮೆಟ್ರೋ ನಿಲ್ದಾಣ 2024ರ ಮಾರ್ಚಿನಲ್ಲಿ ತೆರೆಯಿತು. ಮೆಟ್ರೋ ನಿಲ್ದಾಣಗಳಲ್ಲಿ ಕಾಣುವ ಹಳದಿ ಪಟ್ಟಿ ಅಲಂಕಾರಕ್ಕಲ್ಲ, ಅದು ಇದೇ ಲಿಪಿ. ಆದರೆ ಮೆಟ್ಟಿಲಿಳಿದು ರಸ್ತೆಗೆ ಬಂದರೆ ಫುಟ್‌ಪಾತಿನ ಮೇಲೆ ಸ್ಕೂಟರು, ಕೈಗಾಡಿ, ಕಿತ್ತ ಕಲ್ಲು. ಕೋಲು ಇವನ್ನು ಪತ್ತೆ ಮಾಡಬಲ್ಲದು, ಸರಿಸಲಾರದು. ಸರಿಸಬೇಕಾದವರು ಅವನ್ನು ನಿಲ್ಲಿಸಿದವರು, ಅಂದರೆ ಹಲವು ಬಾರಿ ನಾವೇ.

ಹೊರನಾಡಿಗೆ ಬಂದ ನಮಗೆ ಇನ್ನೊಂದು ವಿಷಯ ಬೇಗ ಅರ್ಥವಾದೀತು. ಪುಣೆಗೆ ಬಂದ ಹೊಸದರಲ್ಲಿ ದಾರಿ ಕೇಳಿದರೆ ‘ತಿಕಡೆ’ ಎಂದು ಕೈತೋರಿಸಿ ಹೋದವರುಂಟು. ಭಾಷೆ ಬಾರದಿದ್ದರೂ ಆ ಕೈಯನ್ನು ನೋಡಿ ನಾವು ನಡೆದೆವು. ಗದಗಿನಿಂದ ರೈಲಿಳಿದ ಕಾಣದ ಕನ್ನಡಿಗನಿಗೆ ಆ ಕೈಯೂ ಇಲ್ಲ. ಅವನಿಗೆ ಬೇಕಾದದ್ದು ‘ಡಾವೀಕಡೆ ಹತ್ತು ಹೆಜ್ಜೆ, ಆಮೇಲೆ ಉಜವೀಕಡೆ’ ಎಂಬಂಥ ಖಚಿತ ಮಾತು. ಹಳ್ಳಿಯಲ್ಲಿ ದನಿ ಕೇಳಿಯೇ ಗುರುತಿಸುವವರಿರುತ್ತಾರೆ. ಮಹಾನಗರದಲ್ಲಿ ಅವನ ಪರಿಚಯವನ್ನೆಲ್ಲ ಆ ಬಿಳಿಕೋಲೇ ಹೇಳಬೇಕು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ವಿನಂತಿ. ಅಂಥವರು ಎದುರಾದರೆ ಕೋಲನ್ನಾಗಲಿ ತೋಳನ್ನಾಗಲಿ ಹಿಡಿದೆಳೆಯಬೇಡಿ. ಮೊದಲು ಮಾತನಾಡಿಸಿ, ನೆರವು ಬೇಕೇ ಎಂದು ಕೇಳಿ. ಬೇಕೆಂದರೆ ನಿಮ್ಮ ಮೊಣಕೈಯನ್ನು ಅವರು ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಬೇಡವೆಂದರೆ ಬಿಟ್ಟುಬಿಡಿ. ಸ್ಕೂಟರನ್ನು ಫುಟ್‌ಪಾತಿನಿಂದ ಕೆಳಗಿಳಿಸಿ. ಲೈಸೆನ್ಸು ಪಡೆದ ಮಕ್ಕಳಿಗೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಮನೆಯಲ್ಲೇ ಕೇಳಿ.