ಜಪಾನಿನಲ್ಲಿ ಒಬ್ಬ ಜರ್ಮನ್ ವೈದ್ಯ

ಒಂದು ಜನಾಂಗದ ಬಾಳನ್ನು ಹೊರಗಿನವರು ವರ್ಣಿಸಿದ ಗ್ರಂಥಗಳು ಅನೇಕವಾಗಿವೆ. ಆದರೆ ಅವುಗಳಲ್ಲಿ ಬಹುಭಾಗವು ದಾರಿಹೋಕರ ಬರಹ. ಅನ್ಯದೇಶದ ನೀರು ಕುಡಿದು, ಅಲ್ಲಿಯ ರೋಗಿಗಳ ನಾಡಿ ಹಿಡಿದು, ಅಲ್ಲಿಯೇ ಸಂಸಾರ ಹೂಡಿದವನ ಮಾತಿಗೆ ಬೇರೊಂದು ತೂಕವುಂಟು. ಜಪಾನಿನ ವಿಷಯದಲ್ಲಿ ಅಂತಹ ಮಾತನ್ನಾಡಬಲ್ಲವನಾಗಿದ್ದವನು ಎರ್ವಿನ್ ಬೇಲ್ಟ್ಸ್ ಎಂಬ ಜರ್ಮನ್ ವೈದ್ಯನು.

1868ರಲ್ಲಿ ಮೇಜಿ ಚಕ್ರವರ್ತಿಯ ಆಳ್ವಿಕೆಯೊಡನೆ ಜಪಾನು ಹೊಸ ಹಾದಿಯನ್ನು ಹಿಡಿಯಿತು. ಪಾಶ್ಚಾತ್ಯ ವಿದ್ಯೆಗಳನ್ನು ಒಂದೊಂದಾಗಿ ಆರಿಸಿ ತರಬೇಕೆಂದು ನಿಶ್ಚಯಿಸಿದ ಅಲ್ಲಿಯ ಸರಕಾರವು ವೈದ್ಯಶಾಸ್ತ್ರಕ್ಕೆ ಜರ್ಮನಿಯನ್ನು ಗುರುವಾಗಿ ಸ್ವೀಕರಿಸಿತು. ವುರ್ಟೆಂಬೆರ್ಗ್ ಸೀಮೆಯ ಬೀಟಿಗ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ 1849ರಲ್ಲಿ ಹುಟ್ಟಿದ ಬೇಲ್ಟ್ಸನು ಲೈಪ್ಸಿಗ್ ನಗರದಲ್ಲಿ ವೈದ್ಯನಾಗಿದ್ದಾಗ ಒಬ್ಬ ಜಪಾನೀ ವಿದ್ಯಾರ್ಥಿಗೆ ಚಿಕಿತ್ಸೆ ಮಾಡಿದನು. ಆ ಪರಿಚಯದಿಂದ ಟೋಕಿಯೋ ವೈದ್ಯಶಾಲೆಯ ಕರೆ ಬಂದಿತು. 1876ರ ಜೂನ್ ತಿಂಗಳಲ್ಲಿ ಎರಡು ವರ್ಷಗಳ ಒಪ್ಪಂದದ ಮೇಲೆ ಆತನು ಯೊಕೊಹಾಮಾ ಬಂದರಿನಲ್ಲಿ ಇಳಿದನು. ಹಾಗೆ ಇಳಿದವನು ಆ ನಾಡನ್ನು ಬಿಟ್ಟದ್ದು 1905ರಲ್ಲಿ.

ಬಂದ ವರ್ಷದ ಕೊನೆಯಲ್ಲಿಯೇ ಟೋಕಿಯೋ ನಗರದಲ್ಲಿ ದೊಡ್ಡ ಬೆಂಕಿ ಬಿದ್ದು ಮರದ ಮನೆಗಳು ಸಹಸ್ರಾರು ಸುಟ್ಟುಹೋದುವು. ಗೋಳಾಟವನ್ನು ನಿರೀಕ್ಷಿಸಿ ಹೋದ ವೈದ್ಯನು ಕಂಡದ್ದೇ ಬೇರೆ. ಎಲ್ಲವನ್ನೂ ಕಳೆದುಕೊಂಡ ಗಂಡಸರೂ ಹೆಂಗಸರೂ ಸಣ್ಣ ಬೆಂಕಿಗಳ ಸುತ್ತಲೂ ನೆರೆದು ಮಾತನಾಡುತ್ತಿದ್ದರು. ಒಂದೂವರೆ ದಿವಸ ಕಳೆಯುವುದರೊಳಗಾಗಿ ಆ ಬೂದಿಯ ಮೇಲೆಯೇ ಸಾವಿರಕ್ಕೂ ಹೆಚ್ಚು ಹಲಗೆಯ ಗುಡಿಸಲುಗಳು ಎದ್ದು ನಿಂತುವು. ಆತನು ಈ ದೃಶ್ಯವನ್ನು ಬೆರಗಿನಿಂದ ದಿನಚರಿಯಲ್ಲಿ ಬರೆದಿಟ್ಟನು.

ಆದರೆ ಅದೇ ದಿನಚರಿಯಲ್ಲಿ ಒಂದು ವ್ಯಥೆಯೂ ದಾಖಲಾಗಿದೆ. ಆ ಕಾಲದ ವಿದ್ಯಾವಂತ ಜಪಾನೀಯರಲ್ಲಿ ಕೆಲವರು ತಮ್ಮ ಪೂರ್ವೇತಿಹಾಸದ ಪ್ರಸ್ತಾಪ ಬಂದೊಡನೆ ನಾಚಿ, ತಮಗೆ ಇತಿಹಾಸವೇ ಇಲ್ಲ, ಅದು ಈಗ ತಾನೆ ಆರಂಭವಾಗುತ್ತಿದೆ ಎನ್ನುತ್ತಿದ್ದರು. ಹೊಸದನ್ನು ಕಲಿಸಲು ಬಂದ ಗುರುವಿಗೆ ಶಿಷ್ಯರ ಈ ಮಾತು ಹಿತವಾಗಲಿಲ್ಲ. ತನ್ನ ಹಿಂದಿನದನ್ನು ಹೀಗಳೆಯುವ ಜನರಿಗೆ ಅನ್ಯರ ಗೌರವವು ದೊರೆಯಲಾರದೆಂದು ಆತನು ತಿಳಿದನು.

ಆದುದರಿಂದ ದೇಶೀಯರೇ ಕೈಬಿಡುತ್ತಿದ್ದ ಸಂಗತಿಗಳನ್ನು ಈ ವಿದೇಶೀಯನು ಆದರದಿಂದ ನೋಡತೊಡಗಿದನು. ವಿದ್ಯಾರ್ಥಿಗಳ ದೇಹ ಕೃಶವಾಗುತ್ತಿರುವುದನ್ನು ಕಂಡು, ಮೂಲೆಗೆ ಬಿದ್ದಿದ್ದ ಕತ್ತಿವರಸೆಯನ್ನು ಪುನಃ ಅಭ್ಯಾಸ ಮಾಡಿಸಬೇಕೆಂದು ಹೇಳಿದನು. ಸಕಾಕಿಬಾರಾ ಕೆಂಕಿಚಿ ಎಂಬ ಪ್ರಸಿದ್ಧ ವರಸೆಗಾರನಲ್ಲಿ ತಾನೇ ಶಿಷ್ಯನಾದನು. ಬಿಸಿನೀರಿನ ಊಟೆಗಳ ಗುಣವನ್ನು ಪರೀಕ್ಷಿಸಿ 1880ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಬೆಟ್ಟದ ನಡುವಣ ಕುಸಾತ್ಸು ಗ್ರಾಮವು ಆತನಿಗೆ ಅತ್ಯಂತ ಪ್ರಿಯವಾಗಿದ್ದಿತು. ಅಲ್ಲಿಯ ಹುಳಿನೀರು ಮೈ ಸುಡುವಷ್ಟು ಬಿಸಿ. ತಣ್ಣೀರು ಬೆರಸಿದರೆ ಅದರ ಸತ್ವವು ಕುಂದುವುದೆಂದು ಜನರು ಉದ್ದನೆಯ ಹಲಗೆಗಳಿಂದ ನೀರನ್ನು ಕದಡಿ ಆರಿಸುತ್ತಿದ್ದರು. ಬಳಿಕ ಮೇಲ್ವಿಚಾರಕನ ಅಪ್ಪಣೆಯಂತೆ ಎಲ್ಲರೂ ಒಟ್ಟಿಗೆ ಇಳಿದು, ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ಏಳುತ್ತಿದ್ದರು. ಇದನ್ನು ಮೂಢಾಚಾರವೆಂದು ತಳ್ಳದೆ, ತಲೆಮಾರುಗಳ ಅನುಭವದಿಂದ ಬಂದ ಚಿಕಿತ್ಸೆಯೆಂದು ಆತನು ಮನ್ನಿಸಿದನು. ಹಾಕೊನೆಯ ಒಂದು ವಸತಿಗೃಹದಲ್ಲಿ ದಾಸಿಯೊಬ್ಬಳ ಒಡೆದ ಕೈಗಳನ್ನು ನೋಡಿ ಆತನು ಕಲ್ಪಿಸಿಕೊಟ್ಟನೆಂದು ಹೇಳಲಾಗುವ ಗ್ಲಿಸರಿನ್ ಲೇಪನವು ಆತನ ಹೆಸರಿನಿಂದಲೇ ಜಪಾನಿನ ಮನೆಮನೆಗಳಲ್ಲಿ ಬಳಕೆಗೆ ಬಂದಿತು.

ಹಾನಾ ಎಂಬ ಜಪಾನೀ ಸ್ತ್ರೀಯನ್ನು ಕೈಹಿಡಿದು, ರಾಜಮನೆತನದವರಿಗೂ ವೈದ್ಯನಾಗಿ ಬಾಳಿದ ಬೇಲ್ಟ್ಸನಿಗೆ ಜಪಾನೀಯರ ಕುಂದುಗಳೂ ಕಾಣದೆ ಹೋಗಲಿಲ್ಲ. 1889ರ ಫೆಬ್ರವರಿಯಲ್ಲಿ ರಾಜ್ಯಾಂಗವು ಘೋಷಿತವಾಗುವ ಮುನ್ನ ಟೋಕಿಯೋ ನಗರವು ತೋರಣ ದೀಪಗಳಿಂದ ಸಂಭ್ರಮಿಸುತ್ತಿದ್ದಾಗ, ಅದರಲ್ಲಿ ಏನಿದೆಯೆಂಬುದು ಮಾತ್ರ ಒಬ್ಬರಿಗೂ ತಿಳಿಯದೆಂದು ನಗುತ್ತ ಬರೆದನು.

ಪಂಡಿತನ ದೃಷ್ಟಿಗೂ ಮಿತಿಯಿತ್ತು. ನಗರವಾಸಿಗಳನ್ನೂ ಸೈನಿಕರನ್ನೂ ಕೊಲ್ಲುತ್ತಿದ್ದ ಬೆರಿಬೆರಿ ರೋಗವನ್ನು ಆತನು ಅಂಟುರೋಗವೆಂದೇ ನಂಬಿದನು. 1882–83ರಲ್ಲಿ ರ್‍ಯೂಜೊ ಎಂಬ ಯುದ್ಧನೌಕೆಯ 376 ಮಂದಿಯಲ್ಲಿ 169 ಮಂದಿ ಆ ರೋಗಕ್ಕೆ ತುತ್ತಾಗಿ 25 ಮಂದಿ ಸತ್ತರು. ನೌಕಾದಳದ ವೈದ್ಯ ತಕಾಗಿ ಕನೆಹಿರೊ ಎಂಬಾತನು ದೋಷವನ್ನು ಊಟದಲ್ಲಿ ಹುಡುಕಿದನು. 1884ರಲ್ಲಿ ಅದೇ ಮಾರ್ಗದಲ್ಲಿ ಹೋದ ಇನ್ನೊಂದು ನೌಕೆಯ ಆಹಾರವನ್ನು ಬದಲಿಸಲು ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಅಕ್ಕಿಯನ್ನು ಬೆಳ್ಳಗೆ ಪಾಲಿಷ್ ಮಾಡುವಾಗ ತೌಡಿನೊಡನೆ ಹೊರಟುಹೋಗುವ ಜೀವಸತ್ವದ ಕೊರತೆಯೇ ರೋಗದ ಕಾರಣವೆಂಬುದು ಮುಂದೆ ಸ್ಥಿರವಾಯಿತು.

1901ರ ನವೆಂಬರ್ 22ರಂದು, ಆತನು ಸೇವೆಗೆ ಸೇರಿ ಇಪ್ಪತ್ತೈದು ವರ್ಷಗಳು ತುಂಬಿದ ಉತ್ಸವದಲ್ಲಿ, ಹೊಗಳಿಕೆಗಳಿಗೆ ಉತ್ತರವಾಗಿ ಆತನು ನಿಷ್ಠುರವಾದ ಮಾತೊಂದನ್ನಾಡಿದನು. ವಿಜ್ಞಾನವು ಬೇಕಾದಲ್ಲಿಗೆ ಸಾಗಿಸಬಹುದಾದ ಯಂತ್ರವಲ್ಲ. ಅದು ಜೀವವುಳ್ಳದ್ದು, ಬೆಳೆಯಲು ಅದಕ್ಕೆ ತಕ್ಕ ಹವೆ ಬೇಕು. ಜಪಾನೀಯರು ಬಂದ ಗುರುಗಳಿಂದ ಹಣ್ಣುಗಳನ್ನು ಮಾತ್ರ ಪಡೆಯಲೆಳಸಿದರೇ ಹೊರತು ಮರವನ್ನು ಬೆಳೆಸುವ ಮನೋಧರ್ಮವನ್ನು ಕಲಿಯಲಿಲ್ಲವೆಂಬುದು ಅದರ ಸಾರ. ಇಪ್ಪತ್ತೈದು ವರ್ಷ ಅನ್ನದ ಋಣವಿದ್ದವನು ಆಡಿದ ಮಾತಾದ್ದರಿಂದ ಅದು ನಿಂದೆಯೆನಿಸದೆ ಹಿತೋಪದೇಶವೆನಿಸಿತು. 1907ರಲ್ಲಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು.

1913ರಲ್ಲಿ ಬೇಲ್ಟ್ಸನು ಸ್ಟುಟ್‌ಗಾರ್ಟ್ ನಗರದಲ್ಲಿ ತೀರಿಕೊಂಡನು. ಮಗನಾದ ತೋಕು ತಂದೆಯ ದಿನಚರಿಯನ್ನು ಮುಂದೆ ಅಚ್ಚುಹಾಕಿಸಿದನು. ತಮಗೆ ಇತಿಹಾಸವಿಲ್ಲವೆಂದು ನಾಚಿದವರ ಮಕ್ಕಳು ಮೊಮ್ಮಕ್ಕಳು, ತಮ್ಮ ಹಿರಿಯರು ಬಾಳಿದ ಬಗೆಯನ್ನು ತಿಳಿಯಲು ಆ ಪುಸ್ತಕವನ್ನು ತಮ್ಮ ಭಾಷೆಗೆ ತಂದುಕೊಂಡು ಓದಿದರು.